ಪವರ್ ಬ್ಯಾಂಕ್‌ನಿಂದ ಗೇಮ್ ಕನ್ಸೋಲ್ ಡಾಕ್‌ಗೆ ವಿದ್ಯುತ್ ಪೂರೈಕೆ

ಪವರ್ ಬ್ಯಾಂಕ್‌ನಿಂದ ಗೇಮ್ ಕನ್ಸೋಲ್ ಡಾಕ್‌ಗೆ ವಿದ್ಯುತ್ ಪೂರೈಕೆ ಎಂಬುದು, ಕೈಯಲ್ಲಿ ಹಿಡಿದು ಆಡುವ ಗೇಮ್ ಕನ್ಸೋಲನ್ನು ಟಿ.ವಿ.ಗೆ ಜೋಡಿಸುವ ಡಾಕ್ ಎಂಬ ಉಪಕರಣವನ್ನು ಗೋಡೆಯ ಸಾಕೆಟ್‌ಗೆ ಬದಲಾಗಿ ಯುಎಸ್‌ಬಿ ಪವರ್ ಬ್ಯಾಂಕ್‌ನಿಂದ ನಡೆಸುವ ವಿಧಾನವಾಗಿದೆ. ವಿದ್ಯುತ್ ಕಡಿತವಾದಾಗ, ಪ್ರವಾಸದಲ್ಲಿರುವಾಗ ಅಥವಾ ಸಾಕೆಟ್ ಇಲ್ಲದ ಸ್ಥಳದಲ್ಲಿ ಈ ವಿಧಾನವನ್ನು ಬಳಸಲಾಗುತ್ತದೆ. ಪವರ್ ಬ್ಯಾಂಕ್‌ನ ಮೇಲೆ ದೊಡ್ಡ ಅಕ್ಷರಗಳಲ್ಲಿ ಮುದ್ರಿತವಾಗಿರುವ ಸಾಮರ್ಥ್ಯದ ಅಂಕಿಯಿಂದ ಮಾತ್ರ ಈ ಜೋಡಣೆ ಸಾಧ್ಯವೇ ಎಂಬುದು ತಿಳಿಯುವುದಿಲ್ಲ. ಟಿ.ವಿ.ಗೆ ವಿದ್ಯುತ್ ಎಲ್ಲಿಂದ ದೊರೆಯುತ್ತದೆ, ಡಾಕ್ ಬೇಡುವ ವೋಲ್ಟೇಜನ್ನು ಪವರ್ ಬ್ಯಾಂಕ್ ಕೊಡಬಲ್ಲುದೇ, ಅದರಲ್ಲಿ ಎಷ್ಟು ಗಂಟೆಗೆ ಸಾಲುವಷ್ಟು ಶಕ್ತಿಯಿದೆ ಎಂಬ ಮೂರು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿಕೊಳ್ಳಬೇಕಾಗುತ್ತದೆ.

ಈ ಲೇಖನವು ವಿಧಾನದ ತಾಂತ್ರಿಕ ತತ್ತ್ವಗಳನ್ನು ವಿವರಿಸುತ್ತದೆ. ಬಳಕೆಯ ಸಂದರ್ಭಕ್ಕೆ ಕರ್ನಾಟಕದ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳನ್ನು ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

ಡಾಕ್ ಎಂದರೇನು

ಡಾಕ್ ಎಂಬುದು ಕನ್ಸೋಲನ್ನು ಇರಿಸುವ ತೊಟ್ಟಿಲಿನಂತಹ ಸಾಧನ. ಇದು ಮೂರು ಕೆಲಸಗಳನ್ನು ಒಟ್ಟಿಗೆ ಮಾಡುತ್ತದೆ: ಕನ್ಸೋಲ್‌ಗೆ ವಿದ್ಯುತ್ತನ್ನು ಒದಗಿಸುತ್ತದೆ, ಕನ್ಸೋಲ್‌ನಿಂದ ಬರುವ ಚಿತ್ರಸಂಕೇತವನ್ನು ಎಚ್‌ಡಿಎಂಐ ರೂಪಕ್ಕೆ ಪರಿವರ್ತಿಸಿ ಟಿ.ವಿ.ಗೆ ಕಳುಹಿಸುತ್ತದೆ, ಮತ್ತು ನಿಯಂತ್ರಕಗಳಂತಹ ಇತರ ಉಪಕರಣಗಳಿಗಾಗಿ ಯುಎಸ್‌ಬಿ ಕಿಂಡಿಗಳನ್ನು ನೀಡುತ್ತದೆ. ಕನ್ಸೋಲ್ ಮತ್ತು ಡಾಕ್ ನಡುವಿನ ಈ ಎಲ್ಲ ವ್ಯವಹಾರವೂ 24 ಸಂಪರ್ಕಗಳಿರುವ ಒಂದೇ ಟೈಪ್-ಸಿ ಕನೆಕ್ಟರ್ ಮೂಲಕ ನಡೆಯುತ್ತದೆ.

ಈ ವರ್ಗದ ಕನ್ಸೋಲ್‌ಗಳಲ್ಲಿ ಹೆಚ್ಚು ಪರಿಚಿತವಾದುದು ಜಪಾನಿನ ನಿಂಟೆಂಡೊ ಸಂಸ್ಥೆ 2017ರ ಮಾರ್ಚ್ 3ರಂದು ಬಿಡುಗಡೆ ಮಾಡಿದ ನಿಂಟೆಂಡೊ ಸ್ವಿಚ್. ಇದರ ಓಎಲ್‌ಇಡಿ ಮಾದರಿ 2021ರ ಅಕ್ಟೋಬರ್ 8ರಂದು, ಮುಂದಿನ ತಲೆಮಾರಿನ ಸ್ವಿಚ್ 2 ಕನ್ಸೋಲ್ 2025ರ ಜೂನ್ 5ರಂದು ಬಿಡುಗಡೆಯಾದವು. ಅಮೆರಿಕದ ವಾಲ್ವ್ ಸಂಸ್ಥೆಯ ಸ್ಟೀಮ್ ಡೆಕ್ 2022ರ ಫೆಬ್ರವರಿಯಲ್ಲಿ ಬಂದಿತು. 2019ರಲ್ಲಿ ಬಂದ ಸ್ವಿಚ್ ಲೈಟ್ ಮಾದರಿಯು ಟಿ.ವಿ.ಗೆ ಜೋಡಣೆಯಾಗುವುದಿಲ್ಲ, ಆದ್ದರಿಂದ ಅದಕ್ಕೆ ಡಾಕ್‌ನ ಪ್ರಶ್ನೆಯೇ ಉದ್ಭವಿಸದು.

ಪ್ಲೇಸ್ಟೇಷನ್ 5ರಂತಹ ಗೃಹ ಕನ್ಸೋಲ್‌ಗಳು ಆಟದ ಸಮಯದಲ್ಲಿ ಸುಮಾರು 200 ವಾಟ್ ವಿದ್ಯುತ್ತನ್ನು ಬಳಸುತ್ತವೆ ಮತ್ತು ಮನೆಯ 230 ವೋಲ್ಟ್ ಪರ್ಯಾಯ ವಿದ್ಯುತ್ತನ್ನೇ ಅವಲಂಬಿಸಿವೆ. ಅವುಗಳಲ್ಲಿ ಒಳಬ್ಯಾಟರಿ ಇರುವುದಿಲ್ಲ. ಹೀಗಾಗಿ ಅವುಗಳನ್ನು ಯುಎಸ್‌ಬಿ ಪವರ್ ಬ್ಯಾಂಕ್‌ನಿಂದ ನಡೆಸಲಾಗದು.

ಟಿ.ವಿ. ಸ್ಥಿತಿಯಲ್ಲಿ ಹೆಚ್ಚು ವಿದ್ಯುತ್ ಏಕೆ ಬೇಕು

ಕನ್ಸೋಲನ್ನು ಕೈಯಲ್ಲಿ ಹಿಡಿದು ಆಡುವಾಗ ಬ್ಯಾಟರಿಯನ್ನು ಉಳಿಸುವ ಸಲುವಾಗಿ ಅದರ ಚಿತ್ರ ಸಂಸ್ಕಾರಕವನ್ನು ನಿಧಾನಗತಿಯಲ್ಲಿ ಓಡಿಸಲಾಗುತ್ತದೆ. ಮೊದಲ ಸ್ವಿಚ್‌ನ ಸ್ವಂತ ಪರದೆಯಲ್ಲಿ 720 ಸಾಲುಗಳ ಚಿತ್ರ ಮೂಡಿದರೆ, ಡಾಕ್‌ನಲ್ಲಿ ಇರಿಸಿದಾಗ ಟಿ.ವಿ.ಯಲ್ಲಿ 1080 ಸಾಲುಗಳವರೆಗಿನ ಚಿತ್ರ ದೊರೆಯುತ್ತದೆ. ಇದಕ್ಕಾಗಿ ಸಂಸ್ಕಾರಕದ ವೇಗವನ್ನು ಏರಿಸಲಾಗುತ್ತದೆ. ತಂಪುಗೊಳಿಸುವ ಫ್ಯಾನ್ ಹೆಚ್ಚು ತಿರುಗುತ್ತದೆ. ಡಾಕ್‌ನ ಒಳಗಿರುವ ಸಂಕೇತ ಪರಿವರ್ತಕ ಮತ್ತು ಯುಎಸ್‌ಬಿ ಕಿಂಡಿಗಳಿಗೂ ವಿದ್ಯುತ್ ಬೇಕು. ಇವೆಲ್ಲದರ ಜೊತೆಗೆ ಕನ್ಸೋಲ್‌ನ ಒಳಬ್ಯಾಟರಿಯೂ ಅದೇ ವೇಳೆಗೆ ಚಾರ್ಜ್ ಆಗುತ್ತಿರುತ್ತದೆ.

ಮೊದಲ ಸ್ವಿಚ್ ತನ್ನ ಡಾಕ್‌ನಲ್ಲಿ ಆಟ ನಡೆಸುವಾಗ ಮಾದರಿಯನ್ನೂ ಆಟವನ್ನೂ ಅವಲಂಬಿಸಿ ಸುಮಾರು 7ರಿಂದ 12 ವಾಟ್ ಬಳಸುತ್ತದೆ. ಒಳಬ್ಯಾಟರಿ ಖಾಲಿಯಿದ್ದು ಚಾರ್ಜ್ ಆಗುತ್ತಿದ್ದರೆ ಈ ಪ್ರಮಾಣ ಇನ್ನೂ ಏರುತ್ತದೆ. ಅಡಾಪ್ಟರ್‌ನ ಸಾಮರ್ಥ್ಯ ಇದಕ್ಕಿಂತ ಬಹಳ ಹೆಚ್ಚಾಗಿದ್ದರೂ ಅದು ವ್ಯರ್ಥವಲ್ಲ. ಹಠಾತ್ತನೆ ಬರುವ ಬೇಡಿಕೆಗೂ ಯುಎಸ್‌ಬಿ ಕಿಂಡಿಗಳಿಗೆ ಜೋಡಿಸುವ ಉಪಕರಣಗಳಿಗೂ ಅದು ಮೀಸಲಾಗಿರುತ್ತದೆ.

ವೋಲ್ಟೇಜ್ ಒಪ್ಪಂದ

ಹಳೆಯ ಯುಎಸ್‌ಬಿ ಕಿಂಡಿಗಳು 5 ವೋಲ್ಟ್ ಮಾತ್ರ ನೀಡುತ್ತಿದ್ದವು. ಹೆಚ್ಚಿನ ವಿದ್ಯುತ್ತನ್ನು ಸುರಕ್ಷಿತವಾಗಿ ಸಾಗಿಸಲು ಯುಎಸ್‌ಬಿ ಪವರ್ ಡೆಲಿವರಿ ಎಂಬ ಮಾನಕವನ್ನು ರೂಪಿಸಲಾಯಿತು. ಇದರ ಮೊದಲ ಆವೃತ್ತಿ 2012ರಲ್ಲಿ, ಟೈಪ್-ಸಿ ಕನೆಕ್ಟರ್‌ಗೆ ಹೊಂದುವ ಎರಡನೆಯ ಆವೃತ್ತಿ 2014ರಲ್ಲಿ ಪ್ರಕಟವಾದವು. 2021ರ 3.1 ಆವೃತ್ತಿಯು ಗರಿಷ್ಠ ಮಿತಿಯನ್ನು 240 ವಾಟ್‌ಗೆ ಏರಿಸಿತು. ಪವರ್ ಡೆಲಿವರಿಯನ್ನು ಸಂಕ್ಷಿಪ್ತವಾಗಿ ಪಿಡಿ ಎಂದು ಕರೆಯಲಾಗುತ್ತದೆ.

ಪಿಡಿ ಮಾನಕದಲ್ಲಿ ವಿದ್ಯುತ್ ಹರಿಯುವ ಮುನ್ನ ಎರಡು ಉಪಕರಣಗಳ ನಡುವೆ ಒಂದು ಒಪ್ಪಂದವಾಗುತ್ತದೆ. ಕೇಬಲ್ ಜೋಡಿಸಿದೊಡನೆ ಪವರ್ ಬ್ಯಾಂಕ್ ತಾನು ಯಾವ ಯಾವ ವೋಲ್ಟೇಜ್‌ನಲ್ಲಿ ಎಷ್ಟೆಷ್ಟು ಆಂಪಿಯರ್ ಕೊಡಬಲ್ಲೆನೆಂಬ ಪಟ್ಟಿಯನ್ನು ಕಳುಹಿಸುತ್ತದೆ. ಡಾಕ್ ಆ ಪಟ್ಟಿಯಿಂದ ತನಗೆ ಹೊಂದುವುದನ್ನು ಆರಿಸಿ ಕೇಳುತ್ತದೆ. ಪವರ್ ಬ್ಯಾಂಕ್ ಒಪ್ಪಿದ ಮೇಲಷ್ಟೇ ವೋಲ್ಟೇಜ್ ಏರುತ್ತದೆ. ಪಟ್ಟಿಯಲ್ಲಿ ಬೇಕಾದುದು ಇಲ್ಲದಿದ್ದರೆ ವಿದ್ಯುತ್ 5 ವೋಲ್ಟ್‌ನಲ್ಲಿಯೇ ಅಥವಾ ಇತರ ಕೆಳಗಿನ ಹಂತದಲ್ಲಿಯೇ ನಿಲ್ಲುತ್ತದೆ. ಡಾಕ್‌ನ ಪಾಲಿಗೆ ಅದು ಸಾಲದು.

ಸಾಮಾನ್ಯ ಪಿಡಿ ಮಾನಕದಲ್ಲಿ ಒಟ್ಟು ವಾಟ್ ಹೆಚ್ಚಿದಂತೆ ವೋಲ್ಟೇಜ್‌ನ ಮೆಟ್ಟಿಲುಗಳೂ ಹೆಚ್ಚುತ್ತವೆ:

• 15 ವಾಟ್‌ವರೆಗೆ: 5 ವೋಲ್ಟ್
• 15ಕ್ಕಿಂತ ಹೆಚ್ಚು, 27 ವಾಟ್‌ವರೆಗೆ: 5 ಮತ್ತು 9 ವೋಲ್ಟ್
• 27ಕ್ಕಿಂತ ಹೆಚ್ಚು, 45 ವಾಟ್‌ವರೆಗೆ: 5, 9 ಮತ್ತು 15 ವೋಲ್ಟ್
• 45 ವಾಟ್‌ಗಿಂತ ಹೆಚ್ಚು: 5, 9, 15 ಮತ್ತು 20 ವೋಲ್ಟ್

ಮೊದಲ ಸ್ವಿಚ್‌ನ ಮೂಲ ಅಡಾಪ್ಟರ್ 5 ವೋಲ್ಟ್‌ನಲ್ಲಿ 1.5 ಆಂಪಿಯರ್ ಅಥವಾ 15 ವೋಲ್ಟ್‌ನಲ್ಲಿ 2.6 ಆಂಪಿಯರ್, ಅಂದರೆ ಗರಿಷ್ಠ 39 ವಾಟ್ ನೀಡುತ್ತದೆ. ಅದರ ಡಾಕ್ ಟಿ.ವಿ.ಗೆ ಚಿತ್ರ ಕಳುಹಿಸಲು ಬಯಸುವುದು ಈ 15 ವೋಲ್ಟ್ ಹಂತವನ್ನು. ಆದುದರಿಂದ 18, 20 ಅಥವಾ 22.5 ವಾಟ್ ಎಂದು ಗುರುತಿಸಿರುವ, ಮೊಬೈಲ್ ಫೋನ್‌ಗಳಿಗಾಗಿ ಮಾಡಿದ ಪವರ್ ಬ್ಯಾಂಕ್‌ಗಳು ಸ್ವಿಚ್ ಕನ್ಸೋಲನ್ನು ನೇರವಾಗಿ ಚಾರ್ಜ್ ಮಾಡಬಲ್ಲವಾದರೂ ಡಾಕನ್ನು ಟಿ.ವಿ. ಸ್ಥಿತಿಯಲ್ಲಿ ನಡೆಸಲಾರವು. ಅವುಗಳ ಪಟ್ಟಿ ಸಾಮಾನ್ಯವಾಗಿ 9 ಅಥವಾ 12 ವೋಲ್ಟ್‌ಗೆ ಮುಗಿಯುತ್ತದೆ. ಸಾಮರ್ಥ್ಯ 10,000 ಇರಲಿ, 30,000 ಇರಲಿ, ಈ ಕೊರತೆ ಅದರಿಂದ ತುಂಬುವುದಿಲ್ಲ. ಗಡಿಗೆ ಎಷ್ಟೇ ದೊಡ್ಡದಾದರೂ ನೀರನ್ನು ಮೇಲಿನ ತೊಟ್ಟಿಗೆ ಏರಿಸಲು ಒತ್ತಡ ಬೇಕಷ್ಟೆ.

30 ವಾಟ್ ಪವರ್ ಬ್ಯಾಂಕ್‌ಗಳು 15 ವೋಲ್ಟ್‌ನಲ್ಲಿ 2 ಆಂಪಿಯರ್ ನೀಡುತ್ತವೆ. ಇದು ಮೂಲ ಅಡಾಪ್ಟರ್‌ನ ಮಟ್ಟಕ್ಕಿಂತ ಕಡಿಮೆ. 15 ವೋಲ್ಟ್‌ನಲ್ಲಿ 3 ಆಂಪಿಯರ್ ಕೊಡುವ 45 ವಾಟ್ ಅಥವಾ ಅದಕ್ಕಿಂತ ಹೆಚ್ಚಿನ ಪವರ್ ಬ್ಯಾಂಕ್ ಆ ಮಟ್ಟವನ್ನು ಮೀರುವುದರಿಂದ ಮೊದಲ ಸ್ವಿಚ್‌ನ ಡಾಕ್‌ಗೆ ಅದೇ ಸೂಕ್ತ ಆಯ್ಕೆ. ಸ್ಟೀಮ್ ಡೆಕ್‌ನ ಅಡಾಪ್ಟರ್ ಕೂಡ 15 ವೋಲ್ಟ್, 3 ಆಂಪಿಯರ್, 45 ವಾಟ್‌ನದು. ಸ್ವಿಚ್ 2ರ ಅಡಾಪ್ಟರ್ ಗರಿಷ್ಠ 20 ವೋಲ್ಟ್, 3 ಆಂಪಿಯರ್, ಅಂದರೆ 60 ವಾಟ್ ನೀಡುತ್ತದೆ. ಅದರ ಡಾಕ್‌ಗೆ 20 ವೋಲ್ಟ್ ಹಂತವಿರುವ, 60 ವಾಟ್‌ಗೆ ಕಡಿಮೆಯಿಲ್ಲದ ಪವರ್ ಬ್ಯಾಂಕ್ ಬೇಕು.

ಹೆಚ್ಚು ವಾಟ್‌ನ ಪವರ್ ಬ್ಯಾಂಕ್ ಜೋಡಿಸಿದರೆ ಕನ್ಸೋಲ್ ಸುಟ್ಟುಹೋಗುವುದೆಂಬ ಅಂಜಿಕೆ ಸಾಮಾನ್ಯವಾಗಿದೆ. ಮಾನಕಕ್ಕೆ ಬದ್ಧವಾದ ಉಪಕರಣಗಳಲ್ಲಿ ಹೀಗಾಗುವುದಿಲ್ಲ. ವಾಟ್ ಎಂಬುದು ಕೊಡಬಲ್ಲ ಗರಿಷ್ಠ ಮಿತಿಯೇ ಹೊರತು ಬಲವಂತವಾಗಿ ತುಂಬುವ ಪ್ರಮಾಣವಲ್ಲ. ಡಾಕ್ ತನಗೆ ಬೇಕಾದಷ್ಟನ್ನು ಮಾತ್ರ ಎಳೆದುಕೊಳ್ಳುತ್ತದೆ. ಅಪಾಯವಿರುವುದು ಮಾನಕವನ್ನು ಪಾಲಿಸದ ಉಪಕರಣಗಳಲ್ಲಿ. 2018ರ ಮಾರ್ಚ್‌ನಲ್ಲಿ ಸ್ವಿಚ್‌ನ 5.0 ತಂತ್ರಾಂಶ ನವೀಕರಣದ ನಂತರ, ಬೇರೆ ತಯಾರಕರ ಕೆಲವು ಡಾಕ್‌ಗಳಲ್ಲಿ ಇರಿಸಿದ ಕನ್ಸೋಲ್‌ಗಳು ಕೆಟ್ಟುಹೋದ ವರದಿಗಳು ಬಂದಿದ್ದವು.

ಕೇಬಲ್ ಮತ್ತು ಕಿಂಡಿ

ಪವರ್ ಬ್ಯಾಂಕ್‌ಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಕಿಂಡಿಗಳಿರುತ್ತವೆ. ಅಗಲವಾದ ಆಯತಾಕಾರದ ಟೈಪ್-ಎ ಕಿಂಡಿಯಿಂದ 15 ವೋಲ್ಟ್‌ನ ಪಿಡಿ ಒಪ್ಪಂದ ಸಾಧ್ಯವಿಲ್ಲ. ಒಂದು ತುದಿ ಟೈಪ್-ಎ, ಇನ್ನೊಂದು ತುದಿ ಟೈಪ್-ಸಿ ಇರುವ ಕೇಬಲ್ ಬಳಸಿದರೆ ಡಾಕ್ ಕೆಲಸ ಮಾಡದಿರಲು ಇದೇ ಕಾರಣ. ಎರಡೂ ತುದಿಗಳಲ್ಲಿ ಟೈಪ್-ಸಿ ಇರುವ ಕೇಬಲ್ ಅವಶ್ಯಕ.

ಪಿಡಿ ಬಳಕೆಗೆ ಮಾಡಿದ ಸಾಮಾನ್ಯ ಟೈಪ್-ಸಿ ಕೇಬಲ್ 3 ಆಂಪಿಯರ್‌ವರೆಗೆ, 20 ವೋಲ್ಟ್‌ನಲ್ಲಿ 60 ವಾಟ್‌ವರೆಗೆ ಸಾಗಿಸಬಲ್ಲುದು. ಅದಕ್ಕೂ ಹೆಚ್ಚಿನ ವಿದ್ಯುತ್‌ಗೆ ತನ್ನ ಸಾಮರ್ಥ್ಯವನ್ನು ತಾನೇ ತಿಳಿಸುವ ಚಿಪ್ ಇರುವ 5 ಆಂಪಿಯರ್ ಕೇಬಲ್ ಬೇಕು. ಇಲ್ಲಿ ವಿವರಿಸಿದ ಡಾಕ್‌ಗಳಿಗೆ 3 ಆಂಪಿಯರ್ ಕೇಬಲ್ ಸಾಕಾಗುತ್ತದೆ.

ಕೆಲವು ಪವರ್ ಬ್ಯಾಂಕ್‌ಗಳಲ್ಲಿ ಎರಡು ಟೈಪ್-ಸಿ ಕಿಂಡಿಗಳಿದ್ದು ಅವುಗಳಲ್ಲಿ ಒಂದಕ್ಕೆ ಮಾತ್ರ ಪೂರ್ಣ ಸಾಮರ್ಥ್ಯವಿರುತ್ತದೆ. ಎರಡೂ ಕಿಂಡಿಗಳನ್ನು ಒಟ್ಟಿಗೆ ಬಳಸಿದಾಗ ಸಾಮರ್ಥ್ಯ ಹಂಚಿಹೋಗುವುದೂ ಉಂಟು. ಡಾಕ್ ನಡೆಯುತ್ತಿರುವಾಗ ಅದೇ ಪವರ್ ಬ್ಯಾಂಕ್‌ಗೆ ಮೊಬೈಲ್ ಫೋನನ್ನು ಜೋಡಿಸಿದರೆ ವೋಲ್ಟೇಜ್ ಒಪ್ಪಂದ ಹೊಸದಾಗಿ ನಡೆಯುತ್ತದೆ, ಆಗ ಟಿ.ವಿ.ಯಲ್ಲಿನ ಚಿತ್ರ ಮಾಯವಾಗಬಹುದು.

ಲೇಬಲ್ ಓದುವ ಬಗೆ

ಕೊಳ್ಳುವ ಮೊದಲು ಪವರ್ ಬ್ಯಾಂಕ್‌ನ ಹಿಂಬದಿಯ ಸಣ್ಣ ಅಕ್ಷರಗಳ ಸಾಲನ್ನು ಓದಬೇಕು. ಔಟ್‌ಪುಟ್ ಎಂಬ ಪದದ ಮುಂದೆ ವೋಲ್ಟ್ ಮತ್ತು ಆಂಪಿಯರ್‌ಗಳ ಜೋಡಿಗಳು ಇರುತ್ತವೆ. ಅಲ್ಲಿ 15 ವೋಲ್ಟ್‌ಗೆ 3 ಆಂಪಿಯರ್ ಎಂಬ ಜೋಡಿ ಟೈಪ್-ಸಿ ಕಿಂಡಿಯ ಹೆಸರಿನಲ್ಲಿ ಇದ್ದರೆ ಮೊದಲ ಸ್ವಿಚ್‌ನ ಡಾಕ್‌ಗೆ ಅದು ಹೊಂದುತ್ತದೆ. ಇನ್‌ಪುಟ್ ಎಂಬ ಸಾಲಿನಲ್ಲಿರುವ ಅಂಕಿಗಳು ಪವರ್ ಬ್ಯಾಂಕನ್ನೇ ಚಾರ್ಜ್ ಮಾಡಲು ಸಂಬಂಧಿಸಿದವು. ಅವುಗಳನ್ನು ಔಟ್‌ಪುಟ್ ಎಂದು ತಿಳಿಯಬಾರದು. ವೇಗದ ಚಾರ್ಜಿಂಗ್ ಎಂಬ ಬರಹ ಇದ್ದ ಮಾತ್ರಕ್ಕೆ ಪಿಡಿಯ 15 ವೋಲ್ಟ್ ಇದೆಯೆಂದು ಅರ್ಥವಲ್ಲ. ಮೊಬೈಲ್ ತಯಾರಕರು ರೂಪಿಸಿಕೊಂಡ ಬೇರೆ ವಿಧಾನಗಳಿಗೂ ಅದೇ ಹೆಸರು ಬಳಕೆಯಲ್ಲಿದೆ.

ಭಾರತದಲ್ಲಿ ಪವರ್ ಬ್ಯಾಂಕ್‌ಗಳು ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿ ವ್ಯವಸ್ಥೆಗೆ ಒಳಪಟ್ಟಿವೆ. ನೋಂದಾಯಿತ ಉತ್ಪನ್ನದ ಮೇಲೆ ಬ್ಯೂರೋದ ಗುರುತು ಮತ್ತು ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರುತ್ತದೆ. ಈ ಗುರುತು ಸುರಕ್ಷತೆಗೆ ಸಂಬಂಧಿಸಿದುದು. ಡಾಕ್‌ಗೆ ಹೊಂದುತ್ತದೆಯೇ ಎಂಬುದನ್ನು ಅದು ಹೇಳುವುದಿಲ್ಲ. ಆದರೆ ಗುರುತೇ ಇಲ್ಲದ ಉತ್ಪನ್ನವನ್ನು ಕೊಳ್ಳದಿರುವುದು ಉಚಿತ.

ಎಷ್ಟು ಗಂಟೆ ನಡೆಯುತ್ತದೆ

ಪವರ್ ಬ್ಯಾಂಕ್‌ನ ಸಾಮರ್ಥ್ಯವನ್ನು ಮಿಲಿಆಂಪಿಯರ್-ಗಂಟೆಗಳಲ್ಲಿ ಸೂಚಿಸಲಾಗುತ್ತದೆ. ಈ ಅಂಕಿಯು ಒಳಗಿರುವ ಲಿಥಿಯಂ ಕೋಶಗಳ ಸುಮಾರು 3.7 ವೋಲ್ಟ್‌ಗೆ ಸಂಬಂಧಿಸಿದುದು, ಹೊರಬರುವ 15 ವೋಲ್ಟ್‌ಗೆ ಅಲ್ಲ. ಹೀಗಾಗಿ ಲೆಕ್ಕವನ್ನು ವಾಟ್-ಗಂಟೆಗಳಲ್ಲಿ ಮಾಡುವುದು ಸರಿಯಾದ ಕ್ರಮ. ಮಿಲಿಆಂಪಿಯರ್-ಗಂಟೆಯನ್ನು 1,000ದಿಂದ ಭಾಗಿಸಿ 3.7ರಿಂದ ಗುಣಿಸಿದರೆ ವಾಟ್-ಗಂಟೆ ದೊರೆಯುತ್ತದೆ.

ಉದಾಹರಣೆಗೆ, 20,000 ಮಿಲಿಆಂಪಿಯರ್-ಗಂಟೆಯ ಪವರ್ ಬ್ಯಾಂಕ್‌ನಲ್ಲಿರುವುದು 20 × 3.7 = 74 ವಾಟ್-ಗಂಟೆ. 3.7 ವೋಲ್ಟನ್ನು 15 ವೋಲ್ಟ್‌ಗೆ ಏರಿಸುವಾಗ ಸ್ವಲ್ಪ ಶಕ್ತಿ ಶಾಖವಾಗಿ ನಷ್ಟವಾಗುತ್ತದೆ. ಈ ನಷ್ಟವನ್ನು ಶೇಕಡ 15 ಎಂದು ಹಿಡಿದರೆ ಬಳಕೆಗೆ ಸಿಗುವುದು ಸುಮಾರು 63 ವಾಟ್-ಗಂಟೆ. ಡಾಕ್ ಮತ್ತು ಕನ್ಸೋಲ್ ಒಟ್ಟಾಗಿ 12 ವಾಟ್ ಬಳಸಿದರೆ 63ನ್ನು 12ರಿಂದ ಭಾಗಿಸಿದಾಗ ಸುಮಾರು 5 ಗಂಟೆ ಬರುತ್ತದೆ.

ಈ ಲೆಕ್ಕವು ಕನ್ಸೋಲ್‌ನ ಒಳಬ್ಯಾಟರಿ ಮೊದಲೇ ತುಂಬಿದ್ದಾಗ ಮಾತ್ರ ಸರಿ. ಮೊದಲ ಸ್ವಿಚ್‌ನ ಒಳಬ್ಯಾಟರಿ 4,310 ಮಿಲಿಆಂಪಿಯರ್-ಗಂಟೆ, ಅಂದರೆ ಸುಮಾರು 16 ವಾಟ್-ಗಂಟೆಯದು. ಅದು ಪೂರ್ತಿ ಖಾಲಿಯಾಗಿದ್ದರೆ ಅದನ್ನು ತುಂಬಿಸಲು ಚಾರ್ಜಿಂಗ್ ನಷ್ಟವೂ ಸೇರಿ ಸುಮಾರು 19 ವಾಟ್-ಗಂಟೆ ಹೋಗುತ್ತದೆ. ಉಳಿದ 44 ವಾಟ್-ಗಂಟೆಯಲ್ಲಿ ಟಿ.ವಿ. ಸ್ಥಿತಿಯ ಆಟ ಮೂರೂವರೆ ಗಂಟೆಯಷ್ಟೇ ನಡೆಯುತ್ತದೆ. ಆದ್ದರಿಂದ ವಿದ್ಯುತ್ ಇರುವಾಗಲೇ ಪವರ್ ಬ್ಯಾಂಕ್ ಮತ್ತು ಕನ್ಸೋಲ್ ಎರಡನ್ನೂ ಚಾರ್ಜ್ ಮಾಡಿಟ್ಟುಕೊಂಡರೆ ಆಟದ ಅವಧಿ ಗಣನೀಯವಾಗಿ ಹೆಚ್ಚುತ್ತದೆ.

ಟಿ.ವಿ.ಯ ಪ್ರಶ್ನೆ

ಡಾಕ್‌ಗೆ ಪವರ್ ಬ್ಯಾಂಕ್ ಒದಗಿಸಿದ ಮಾತ್ರಕ್ಕೆ ಆಟ ಪರದೆಯ ಮೇಲೆ ಬರುವುದಿಲ್ಲ, ಟಿ.ವಿ.ಗೂ ವಿದ್ಯುತ್ ಬೇಕು. 32 ಅಂಗುಲದ ಸಾಧಾರಣ ಎಲ್‌ಇಡಿ ಟಿ.ವಿ. 30ರಿಂದ 50 ವಾಟ್ ಬಳಸುತ್ತದೆ. ಇದು ಡಾಕ್ ಮತ್ತು ಕನ್ಸೋಲ್ ಬಳಸುವುದರ ಮೂರು ನಾಲ್ಕು ಪಟ್ಟು. ಅಲ್ಲದೆ ಅದು 230 ವೋಲ್ಟ್ ಪರ್ಯಾಯ ವಿದ್ಯುತ್ತಿನಿಂದ ನಡೆಯುತ್ತದೆ. ಯುಎಸ್‌ಬಿ ಪವರ್ ಬ್ಯಾಂಕ್ ಅದನ್ನು ಕೊಡಲಾರದು. ಈ ಅಂಶವನ್ನು ಗಮನಿಸದೆ ಪವರ್ ಬ್ಯಾಂಕ್ ಕೊಂಡರೆ ವಿದ್ಯುತ್ ಹೋದ ಸಂಜೆ ಡಾಕ್‌ನ ದೀಪ ಉರಿಯುತ್ತದೆ, ಟಿ.ವಿ. ಮಾತ್ರ ಕತ್ತಲಾಗಿರುತ್ತದೆ.

ಇದಕ್ಕೆ ಮೂರು ಪರಿಹಾರಗಳಿವೆ.

ಮೊದಲನೆಯದು, ಮನೆಯ ಇನ್ವರ್ಟರ್. ಕರ್ನಾಟಕದ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ 12 ವೋಲ್ಟ್, 150 ಆಂಪಿಯರ್-ಗಂಟೆಯ ಸೀಸ-ಆಮ್ಲ ಬ್ಯಾಟರಿಯಲ್ಲಿ ಹೆಸರಿಗೆ 1,800 ವಾಟ್-ಗಂಟೆಯಷ್ಟು ಶಕ್ತಿಯಿರುತ್ತದೆ. ಅದರ ಅರ್ಧವನ್ನು ಮಾತ್ರ ಬಳಸಿದರೂ ಅದು 20,000 ಮಿಲಿಆಂಪಿಯರ್-ಗಂಟೆಯ 12 ಪವರ್ ಬ್ಯಾಂಕ್‌ಗಳಿಗೆ ಸಮ. ಟಿ.ವಿ.ಯ ಸಾಕೆಟ್ ಇನ್ವರ್ಟರ್ ಸಾಲಿಗೆ ಸೇರಿದ್ದರೆ ಡಾಕ್‌ನ ಮೂಲ ಅಡಾಪ್ಟರನ್ನೂ ಅಲ್ಲಿಯೇ ಚುಚ್ಚಬಹುದು. ಅಂತಹ ಮನೆಯಲ್ಲಿ ಡಾಕ್‌ಗೆಂದು ಪವರ್ ಬ್ಯಾಂಕ್ ಕೊಳ್ಳುವ ಅಗತ್ಯವೇ ಇಲ್ಲ.

ಎರಡನೆಯದು, ಟೈಪ್-ಸಿ ವಿದ್ಯುತ್ತಿನಿಂದ ನಡೆಯುವ ಒಯ್ಯಬಹುದಾದ ಮಾನಿಟರ್. ಇದು ಸುಮಾರು 8ರಿಂದ 15 ವಾಟ್ ಬಳಸುತ್ತದೆ. ಆಗ ಒಟ್ಟು ಬಳಕೆ 20ರಿಂದ 27 ವಾಟ್ ಆಗುವುದರಿಂದ ಮೇಲೆ ಲೆಕ್ಕ ಹಾಕಿದ 63 ವಾಟ್-ಗಂಟೆಯು ಎರಡೂವರೆ ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಡಾಕ್‌ಗೆ ಒಂದು, ಮಾನಿಟರ್‌ಗೆ ಇನ್ನೊಂದು ಪವರ್ ಬ್ಯಾಂಕ್ ಇರಿಸಿಕೊಂಡರೆ ವೋಲ್ಟೇಜ್ ಹಂಚಿಕೆಯ ತೊಡಕು ತಪ್ಪುತ್ತದೆ.

ಮೂರನೆಯದು, ಡಾಕನ್ನು ಬಿಟ್ಟು ಕನ್ಸೋಲ್‌ನ ಸ್ವಂತ ಪರದೆಯಲ್ಲಿಯೇ ಆಡುವುದು. ಆಗ ಸಾಮಾನ್ಯ ಮೊಬೈಲ್ ಪವರ್ ಬ್ಯಾಂಕ್ ಸಾಕು. ಮೊದಲ ಸ್ವಿಚ್ ತನ್ನ ಒಳಬ್ಯಾಟರಿಯಲ್ಲಿ ಎರಡೂವರೆಯಿಂದ ಆರೂವರೆ ಗಂಟೆ, 2019ರ ಪರಿಷ್ಕೃತ ಮಾದರಿ ನಾಲ್ಕೂವರೆಯಿಂದ ಒಂಬತ್ತು ಗಂಟೆ ನಡೆಯುತ್ತದೆ ಎಂದು ತಯಾರಕರು ತಿಳಿಸಿದ್ದಾರೆ.

ವಿದ್ಯುತ್ ಕಡಿತದ ಕ್ಷಣ

ವಿದ್ಯುತ್ ಹಠಾತ್ತನೆ ಹೋದರೆ ಆಟದ ಪ್ರಗತಿ ಅಳಿಸಿಹೋಗುವುದೆಂಬ ಆತಂಕ ಗೃಹ ಕನ್ಸೋಲ್‌ಗಳ ಮಟ್ಟಿಗೆ ಸಹಜವಾದುದು. ಡಾಕ್ ಬಳಸುವ ಕನ್ಸೋಲ್‌ಗಳಲ್ಲಿ ಒಳಬ್ಯಾಟರಿಯೇ ಈ ರಕ್ಷಣೆಯನ್ನು ನೀಡುತ್ತದೆ. ಡಾಕ್‌ಗೆ ವಿದ್ಯುತ್ ನಿಂತೊಡನೆ ಟಿ.ವಿ.ಯ ಚಿತ್ರ ಹೋಗುತ್ತದೆ, ಕನ್ಸೋಲ್ ಮಾತ್ರ ತನ್ನ ಬ್ಯಾಟರಿಯಿಂದ ಜೀವಂತವಾಗಿರುತ್ತದೆ. ಅದನ್ನು ಡಾಕ್‌ನಿಂದ ಹೊರತೆಗೆದು ಆಟವನ್ನು ಮುಂದುವರಿಸಬಹುದು. ಒಳಬ್ಯಾಟರಿ ಹಳೆಯದಾಗಿ ಶಕ್ತಿ ಕುಂದಿದ್ದರೆ ಈ ರಕ್ಷಣೆಯೂ ಕುಂದುತ್ತದೆ.

ಕೆಲವರು ಪವರ್ ಬ್ಯಾಂಕನ್ನು ಗೋಡೆಯ ಚಾರ್ಜರ್ ಮತ್ತು ಡಾಕ್‌ಗಳ ನಡುವೆ ಶಾಶ್ವತವಾಗಿ ಜೋಡಿಸಿ ಯುಪಿಎಸ್‌ನಂತೆ ಬಳಸಲು ಯತ್ನಿಸುತ್ತಾರೆ. ಏಕಕಾಲಕ್ಕೆ ವಿದ್ಯುತ್ ಪಡೆಯುವ ಮತ್ತು ಕೊಡುವ ಈ ಸೌಲಭ್ಯ ಎಲ್ಲ ಪವರ್ ಬ್ಯಾಂಕ್‌ಗಳಲ್ಲಿ ಇರುವುದಿಲ್ಲ. ಇದ್ದರೂ, ಗೋಡೆಯ ವಿದ್ಯುತ್ ಹೋದಾಗ ಪಿಡಿ ಒಪ್ಪಂದ ಮತ್ತೆ ನಡೆಯಬೇಕಾಗಿ ಬಂದು ಕ್ಷಣಕಾಲ ಪೂರೈಕೆ ನಿಲ್ಲುವುದು ಸಾಮಾನ್ಯ. ಜೊತೆಗೆ, ಸದಾ ತುಂಬಿರುವ ಸ್ಥಿತಿಯಲ್ಲಿ ಬಿಸಿಯಾಗಿ ಇರುವ ಲಿಥಿಯಂ ಕೋಶಗಳು ಬೇಗ ಸವೆಯುತ್ತವೆ.

ಕನ್ಸೋಲ್ ನಿದ್ರಾ ಸ್ಥಿತಿಗೆ ಹೋದಾಗ ಅದು ಎಳೆಯುವ ವಿದ್ಯುತ್ ಬಹಳ ಕಡಿಮೆಯಾಗುತ್ತದೆ. ಉಪಕರಣ ಕಳಚಿದೆಯೆಂದು ಭಾವಿಸಿ ಪವರ್ ಬ್ಯಾಂಕ್ ತಾನಾಗಿಯೇ ಆರಿಹೋಗುವುದುಂಟು. ಇದು ದೋಷವಲ್ಲ, ಗುಂಡಿಯನ್ನು ಒತ್ತಿದರೆ ಮತ್ತೆ ಚಾಲೂ ಆಗುತ್ತದೆ.

ಆನ್‌ಲೈನ್ ಆಟಗಳಿಗೆ ಸಂಬಂಧಿಸಿದಂತೆ ಇನ್ನೊಂದು ಅಂಶ ಗಮನಾರ್ಹ. ವಿದ್ಯುತ್ ಹೋದಾಗ ಮನೆಯ ವೈ-ಫೈ ರೌಟರ್ ಸಹ ನಿಲ್ಲುತ್ತದೆ. ಡಾಕ್ ನಡೆಯುತ್ತಿದ್ದರೂ ಅಂತರಜಾಲ ಸಂಪರ್ಕ ಕಡಿದುಹೋಗುತ್ತದೆ. ರೌಟರ್‌ಗಳಿಗೆಂದೇ ಮಾಡಿದ ಚಿಕ್ಕ ಯುಪಿಎಸ್‌ಗಳು ಅಥವಾ ಮೊಬೈಲ್ ಫೋನಿನ ಹಾಟ್‌ಸ್ಪಾಟ್ ಇದಕ್ಕೆ ಪರಿಹಾರ.

ವಿಜಯನಗರ ಜಿಲ್ಲೆಯ ಸಂದರ್ಭ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು ಹೊಸಪೇಟೆಯೊಡನೆ ಸೇರಿ ವಿಜಯನಗರ ಜಿಲ್ಲೆಯಾಗಿವೆ. ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ರಾಜ್ಯದ 31ನೆಯ ಜಿಲ್ಲೆಯಾಗಿ ಇದು 2021ರಲ್ಲಿ ಅಸ್ತಿತ್ವಕ್ಕೆ ಬಂದಿತು. ಹರಪನಹಳ್ಳಿಯು 1997ರಲ್ಲಿ ರಚನೆಯಾದ ದಾವಣಗೆರೆ ಜಿಲ್ಲೆಗೆ ಸೇರಿದ್ದು, ಅನಂತರ ಬಳ್ಳಾರಿಗೆ ಮರಳಿ, ಅಲ್ಲಿಂದ ಹೊಸ ಜಿಲ್ಲೆಗೆ ಬಂದಿತು. ಬಯಲುಸೀಮೆಯ ಈ ಭಾಗದಲ್ಲಿ ಮಳೆ ಕಡಿಮೆ, ಬೇಸಿಗೆಯ ಬಿಸಿಲು ತೀವ್ರ, ಕೃಷಿಗೆ ಕೊಳವೆಬಾವಿಯ ಆಸರೆ ಹೆಚ್ಚು.

ಮಳೆ ಕೈಕೊಟ್ಟ ವರ್ಷದಲ್ಲಿ ಪಂಪ್‌ಸೆಟ್‌ಗಳ ಬಳಕೆ ಏರುತ್ತದೆ. ಅದೇ ವೇಳೆಗೆ ಜಲಾಶಯಗಳಲ್ಲಿ ನೀರು ಇಳಿದು ಜಲವಿದ್ಯುತ್ ತಗ್ಗುತ್ತದೆ. 2023ರ ಬರಗಾಲದಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತ್ತು. ಆ ವರ್ಷ ಕರ್ನಾಟಕದಲ್ಲಿ ವಿದ್ಯುತ್ ಕೊರತೆ ಉಂಟಾಗಿ, ಪಂಪ್‌ಸೆಟ್‌ಗಳಿಗೆ ದಿನಕ್ಕೆ ನೀಡುತ್ತಿದ್ದ 7 ಗಂಟೆಯ ಪೂರೈಕೆಯನ್ನು 5 ಗಂಟೆಗೆ ಇಳಿಸಲಾಗಿತ್ತು. ಇದರ ಹೊರತಾಗಿ, ಮುಂಗಾರಿಗೆ ಮುಂಚಿನ ಗಾಳಿಮಳೆಗೆ ಕಂಬಗಳು ಉರುಳುವುದು, ತಂತಿಗಳು ಕಡಿಯುವುದು ಯಾವ ವರ್ಷದಲ್ಲಿಯೂ ಗ್ರಾಮೀಣ ಪ್ರದೇಶಕ್ಕೆ ಹೊಸತಲ್ಲ.

ಇಂತಹ ಕಡೆ ಪವರ್ ಬ್ಯಾಂಕ್‌ನ ಮೊದಲ ಹಕ್ಕು ಆಟದ್ದಲ್ಲ. ಫೋನ್, ಓದುವ ದೀಪ, ವಿದ್ಯಾರ್ಥಿಯ ಟ್ಯಾಬ್ಲೆಟ್ ಇವು ಅದನ್ನೇ ಕಾಯುತ್ತಿರುತ್ತವೆ. ಒಂದು ಫೋನಿನ ಬ್ಯಾಟರಿ 5,000 ಮಿಲಿಆಂಪಿಯರ್-ಗಂಟೆ, ಅಂದರೆ ಸುಮಾರು 19 ವಾಟ್-ಗಂಟೆಯದಾಗಿದ್ದರೆ, ಡಾಕ್ ಎರಡು ಗಂಟೆಯಲ್ಲಿ ಬಳಸುವ 24 ವಾಟ್-ಗಂಟೆಯಿಂದ ಅಂತಹ ಒಂದು ಫೋನನ್ನು ಪೂರ್ತಿ ತುಂಬಿಸಬಹುದು. ಕಡಿತ ಎಷ್ಟು ಹೊತ್ತು ಇರುವುದೆಂದು ತಿಳಿಯದ ರಾತ್ರಿಯಲ್ಲಿ ಈ ಹೋಲಿಕೆ ಮಹತ್ವದ್ದು. ಡಾಕ್‌ಗಾಗಿ ಕೊಂಡ 45 ಅಥವಾ 60 ವಾಟ್‌ನ ಪವರ್ ಬ್ಯಾಂಕ್ ಫೋನ್ ಮತ್ತು ಟೈಪ್-ಸಿಯ ಲ್ಯಾಪ್‌ಟಾಪ್‌ಗೂ ಒದಗುತ್ತದೆ. ಫೋನಿಗಾಗಿ ಕೊಂಡ 20 ವಾಟ್‌ನದು ಡಾಕ್‌ಗೆ ಒದಗದು. ಆದ್ದರಿಂದ ಒಂದನ್ನೇ ಕೊಳ್ಳುವ ಕುಟುಂಬಕ್ಕೆ ಹೆಚ್ಚು ವೋಲ್ಟೇಜ್ ಹಂತಗಳಿರುವುದು ಹೆಚ್ಚು ಉಪಯುಕ್ತ.

ಪ್ರಯಾಣದಲ್ಲಿ ಪರಿಸ್ಥಿತಿ ಬೇರೆ. ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಗಳ ಮೂಲಕ ಹರಿಹರದ ಕಡೆಗೆ ಸಾಗುವ ರೈಲಿನಲ್ಲಾಗಲಿ, ಕೂಡ್ಲಿಗಿಯ ಮೂಲಕ ಹಾದುಹೋಗುವ 50ನೆಯ ರಾಷ್ಟ್ರೀಯ ಹೆದ್ದಾರಿಯ ಬಸ್ಸಿನಲ್ಲಾಗಲಿ ಡಾಕ್‌ನ ಉಪಯೋಗವಿಲ್ಲ. ಕನ್ಸೋಲನ್ನು ಕೈಯಲ್ಲಿ ಹಿಡಿದು ಆಡುವುದೇ ರೂಢಿ. ಕೊಟ್ಟೂರಿನ ಗುರುಬಸವೇಶ್ವರ ರಥೋತ್ಸವಕ್ಕೋ ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಗೋ ನೆಂಟರ ಮನೆಗೆ ಬಂದು ಸೇರಿದ ಮಕ್ಕಳು ನಾಲ್ವರು ಒಟ್ಟಿಗೆ ಆಡಬೇಕೆಂದಾಗ ದೊಡ್ಡ ಪರದೆ ಮತ್ತು ಡಾಕ್ ಪ್ರಯೋಜನಕ್ಕೆ ಬರುತ್ತವೆ.

ಬಿಸಿಲು ಮತ್ತು ಸುರಕ್ಷತೆ

ನಿಂಟೆಂಡೊ ಸಂಸ್ಥೆಯು ಸ್ವಿಚ್ ಕನ್ಸೋಲನ್ನು 5ರಿಂದ 35 ಡಿಗ್ರಿ ಸೆಲ್ಸಿಯಸ್ ತಾಪಮಾನದಲ್ಲಿ ಬಳಸಬೇಕೆಂದು ಸೂಚಿಸಿದೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳಲ್ಲಿ ಈ ಭಾಗದ ತಾಪಮಾನವು 40 ಡಿಗ್ರಿಯ ಆಸುಪಾಸಿಗೆ ಏರುವುದರಿಂದ ಫ್ಯಾನ್ ನಿಂತ ಕೋಣೆಯಲ್ಲಿ ಈ ಮಿತಿ ಸುಲಭವಾಗಿ ಮೀರುತ್ತದೆ. ಡಾಕ್‌ನಲ್ಲಿ ಇರಿಸಿದ ಕನ್ಸೋಲ್ ವೇಗವಾಗಿ ಓಡುವುದರಿಂದ ಹೆಚ್ಚು ಬಿಸಿಯಾಗುತ್ತದೆ. 15 ವೋಲ್ಟ್ ಕೊಡುವ ಪವರ್ ಬ್ಯಾಂಕ್ ಕೂಡ ಬೆಚ್ಚಗಾಗುತ್ತದೆ. ವಿದ್ಯುತ್ ಇಲ್ಲದ ಮಧ್ಯಾಹ್ನಕ್ಕಿಂತ ಸಂಜೆಯ ಹೊತ್ತು ಈ ಬಳಕೆಗೆ ಸೂಕ್ತ.

ಪಾಲಿಸಬೇಕಾದ ಮುನ್ನೆಚ್ಚರಿಕೆಗಳು:

• ಪವರ್ ಬ್ಯಾಂಕನ್ನು ಡಾಕ್‌ನ ಮೇಲೆ, ದಿಂಬಿನ ಕೆಳಗೆ ಅಥವಾ ಮುಚ್ಚಿದ ಕಪಾಟಿನಲ್ಲಿ ಇರಿಸಬಾರದು. ಗಾಳಿಯಾಡುವ ಗಟ್ಟಿ ನೆಲದ ಮೇಲೆ ಇರಿಸಬೇಕು.
• ಬಿಸಿಲಿನಲ್ಲಿ ನಿಲ್ಲಿಸಿದ ವಾಹನದೊಳಗೆ ಅದನ್ನು ಬಿಟ್ಟುಹೋಗಬಾರದು.
• ಉಬ್ಬಿದ, ಬಿರುಕು ಬಿಟ್ಟ, ಅಥವಾ ವಿಚಿತ್ರ ವಾಸನೆ ಬರುವ ಪವರ್ ಬ್ಯಾಂಕ್‌ನ ಬಳಕೆಯನ್ನು ತಕ್ಷಣ ನಿಲ್ಲಿಸಬೇಕು. ಅದನ್ನು ಚುಚ್ಚುವುದು, ಬಿಚ್ಚುವುದು ಅಪಾಯಕಾರಿ.
• ದೀರ್ಘಕಾಲ ಬಳಸದಿದ್ದರೆ ಪೂರ್ತಿ ಖಾಲಿಯೂ ಅಲ್ಲದ, ಪೂರ್ತಿ ತುಂಬಿಯೂ ಅಲ್ಲದ ಸ್ಥಿತಿಯಲ್ಲಿ ತಂಪಾದ ಕಡೆ ಇರಿಸಬೇಕು.

ವಿಮಾನಯಾನದಲ್ಲಿ ಪವರ್ ಬ್ಯಾಂಕನ್ನು ಕೈಚೀಲದಲ್ಲಿ ಮಾತ್ರ ಒಯ್ಯಬಹುದು; ತಪಾಸಣೆಗೆ ಒಪ್ಪಿಸುವ ಸಾಮಾನಿನಲ್ಲಿ ಇಡುವಂತಿಲ್ಲ. ವಿಮಾನಯಾನ ಸಂಸ್ಥೆಯ ವಿಶೇಷ ಅನುಮತಿಯಿಲ್ಲದೆ ಒಯ್ಯಬಹುದಾದ ಮಿತಿ 100 ವಾಟ್-ಗಂಟೆ. 20,000 ಮಿಲಿಆಂಪಿಯರ್-ಗಂಟೆಯದು 74 ವಾಟ್-ಗಂಟೆಯಾದ್ದರಿಂದ ಮಿತಿಯೊಳಗಿದೆ. 30,000ದ್ದು 111 ವಾಟ್-ಗಂಟೆಯಾಗಿ ಮಿತಿಯನ್ನು ಮೀರುತ್ತದೆ.

ಬಾಳಿಕೆ ಮುಗಿದ ಪವರ್ ಬ್ಯಾಂಕನ್ನು ಮನೆಯ ಕಸದೊಡನೆ ಎಸೆಯುವುದಾಗಲಿ ಸುಡುವುದಾಗಲಿ ಸಲ್ಲದು. ಕೇಂದ್ರ ಸರ್ಕಾರದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರ ಪ್ರಕಾರ ಬಳಸಿದ ಬ್ಯಾಟರಿಗಳ ಸಂಗ್ರಹಣೆ ಮತ್ತು ಮರುಬಳಕೆಯ ಹೊಣೆ ಉತ್ಪಾದಕರ ಮೇಲಿದೆ. ಗ್ರಾಹಕರು ಅವುಗಳನ್ನು ಇತರ ತ್ಯಾಜ್ಯದಿಂದ ಬೇರ್ಪಡಿಸಿ ಒಪ್ಪಿಸಬೇಕು.

ಕೆಲಸ ಮಾಡದಿದ್ದಾಗ ಪರಿಶೀಲಿಸಬೇಕಾದ ಅಂಶಗಳು

• ಡಾಕ್‌ನ ದೀಪ ಉರಿಯದೆ, ಕನ್ಸೋಲ್ ಮಾತ್ರ ನಿಧಾನವಾಗಿ ಚಾರ್ಜ್ ಆಗುತ್ತಿದ್ದರೆ 15 ವೋಲ್ಟ್ ಹಂತ ದೊರೆತಿಲ್ಲವೆಂದು ತಿಳಿಯಬೇಕು. ಪವರ್ ಬ್ಯಾಂಕ್‌ನ ಔಟ್‌ಪುಟ್ ಸಾಲನ್ನೂ ಕೇಬಲನ್ನೂ ಪರಿಶೀಲಿಸಬೇಕು.
• ಚಿತ್ರ ಬಂದು ಬಂದು ಹೋಗುತ್ತಿದ್ದರೆ ಡಾಕ್‌ಗೆ ಜೋಡಿಸಿದ ಇತರ ಯುಎಸ್‌ಬಿ ಉಪಕರಣಗಳನ್ನು ಮತ್ತು ಪವರ್ ಬ್ಯಾಂಕ್‌ನ ಎರಡನೆಯ ಕೇಬಲನ್ನು ತೆಗೆದು ನೋಡಬೇಕು.
• ಮೊದಲು ಪವರ್ ಬ್ಯಾಂಕನ್ನು ಡಾಕ್‌ಗೆ, ಅನಂತರ ಎಚ್‌ಡಿಎಂಐ ಕೇಬಲನ್ನು ಟಿ.ವಿ.ಗೆ ಜೋಡಿಸಿ, ಕೊನೆಯಲ್ಲಿ ಕನ್ಸೋಲನ್ನು ಇರಿಸಿದರೆ ಒಪ್ಪಂದ ಹೊಸದಾಗಿ ಆರಂಭವಾಗುತ್ತದೆ.
• ಕನ್ಸೋಲನ್ನು ಡಾಕ್ ಇಲ್ಲದೆ ನೇರವಾಗಿ ಜೋಡಿಸಿದಾಗ, ಎರಡರಲ್ಲಿಯೂ ಬ್ಯಾಟರಿ ಇರುವುದರಿಂದ ಕೆಲವೊಮ್ಮೆ ಕನ್ಸೋಲೇ ಪವರ್ ಬ್ಯಾಂಕನ್ನು ಚಾರ್ಜ್ ಮಾಡತೊಡಗುವುದುಂಟು. ಕೇಬಲ್ ಕಳಚಿ, ಪವರ್ ಬ್ಯಾಂಕ್‌ನ ಗುಂಡಿ ಒತ್ತಿ, ಮತ್ತೆ ಜೋಡಿಸಿದರೆ ದಿಕ್ಕು ಸರಿಯಾಗುತ್ತದೆ.